ಕಡಿಮೆ ಅಂಕದ ಮದ್ದು

ಹಾಲುಕ್ಕಿ ಹೋದರೂ ಕಂಪ್ಯೂಟರ್ ಬಿಟ್ಟೇಳದ ನನ್ನ ಚಿಕ್ಕಮ್ಮ ಹೊಸ ಔಷಧಿ ಹುಡುಕುವವಳು. ರೋಗಾಣುವಿಗೆ ಯಾವ ಅಣು ಗಟ್ಟಿಯಾಗಿ ಅಂಟುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕಿ ಅಂಕ ಕೊಡುತ್ತದೆ. ಅಂಟು ಗಟ್ಟಿಯಾದಷ್ಟೂ ಅಂಕ ಕಡಿಮೆ; ಅಂಕ ಕಡಿಮೆಯಾದಷ್ಟೂ ಮದ್ದು ಒಳ್ಳೆಯದು. ಕಡಿಮೆ ಅಂಕದ್ದನ್ನೇ ಆರಿಸುವ ಅಭ್ಯಾಸ ಅವಳಿಗೆ ರಕ್ತಗತ. ಈಚೆಗೆ ಮದ್ದಿನ ಸುರಕ್ಷತೆಗೂ ಕಂಪ್ಯೂಟರ್ ಅಂಕ ಕೊಡತೊಡಗಿತು. ಅಲ್ಲಿ ಮಾತ್ರ ಹೆಚ್ಚು ಅಂಕವೇ ಒಳ್ಳೆಯದು. ಅದನ್ನು ಹೇಳಲು ಬಂದವರನ್ನು "ನಂಗೇ ಪಾಠ ಹೇಳ್ತೀರಾ?" ಎಂದು ಗದರಿ, ಅಲ್ಲೂ ಕಡಿಮೆಯದನ್ನೇ ಹುಡುಕಲು ಕಂಪ್ಯೂಟರಿಗೆ ಹೇಳಿ, ಸಿಕ್ಕಿದ್ದನ್ನು ಆರಿಸಿದಳು.

ಮದ್ದು ಪ್ರಯೋಗದ ಇಲಿಗಳಿಗೆ ಹೋದ ಮರುದಿನ, ಲ್ಯಾಬಿನ ಪಕ್ಕದ ಕೋಣೆಯಲ್ಲಿ ಅವುಗಳ ಕಿಚಕಿಚ ನಿಂತಿತ್ತು.

"ನಿದ್ದೆ ಹೊಡೀತಿರ್ಬೇಕು," ಎಂದು ಚಿಕ್ಕಮ್ಮ ನಕ್ಕಳು.

ಇಲಿ ನೋಡಿಕೊಳ್ಳುವವನು ಬಾಗಿಲಲ್ಲೇ ನಿಂತ. "ಒಂದೂ ಉಸಿರಾಡ್ತಿಲ್ಲ, ಅಕ್ಕ. ಏನು ಕೊಟ್ರಿ?"

ಚಿಕ್ಕಮ್ಮ ತಿರುಗಿ ನೋಡಿದರೆ ಕಂಪ್ಯೂಟರ್ ಸುರಕ್ಷತೆಯಲ್ಲಿ ಅದಕ್ಕಿಂತಲೂ ಕಡಿಮೆ ಅಂಕದ್ದೊಂದನ್ನು ಹುಡುಕಿಟ್ಟು ಕಾಯುತ್ತಿತ್ತು.