ಹಾಲುಕ್ಕಿಸಿದ ಮೇಲೆ

ಮಾಕಳಿಯ ನಮ್ಮ ಮನೆಯ ಕ್ರಯಪತ್ರದಲ್ಲಿ ಒಂದು ಷರತ್ತಿದೆ: ಈ ಸ್ವತ್ತನ್ನು ನಮ್ಮ ಸಮಾಜದವರಿಗಲ್ಲದೆ ಬೇರೆ ಯಾರಿಗೂ ಮಾರತಕ್ಕದ್ದಲ್ಲ. ನಮ್ಮ ಜಾತಿಯ ಸಂಘವೇ ಬಡಾವಣೆ ಮಾಡಿ ಸೈಟು ಹಂಚಿದಾಗ ಬರೆಸಿದ್ದು. ನನ್ನ ಗಂಡ ಓದದೆಯೇ ಸಹಿ ಹಾಕಿದ್ದರು. ಬದುಕಿದ್ದಿದ್ದರೆ ಚೆನ್ನಾಗಿ ಉಗಿಯುತ್ತಿದ್ದೆ.

ಬಾಡಿಗೆ ಎಣಿಸಿಕೊಳ್ಳಲು ಮಾತ್ರ ಯಾರ ಜಾತಿಯೂ ಅಡ್ಡ ಬರುವುದಿಲ್ಲ ನೋಡಿ. ಕೆಳಗಿನ ಮನೆಯಲ್ಲಿ ವರ್ಷಗಟ್ಟಲೆ ಬಾಡಿಗೆಗೆ ಇದ್ದವಳು ರಾಯಚೂರು ಕಡೆಯ, ಬೇರೆ ಜಾತಿಯ ಹೆಂಗಸು. ಗಂಡ ಹೆಂಡತಿ ಇಬ್ಬರೂ ಪೀಣ್ಯದಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದರು. ನಾನು ಆಸ್ಪತ್ರೆ ಸೇರಿದಾಗ ಗಂಜಿ ಹೊತ್ತು ತಂದವಳು ಅವಳು, ಸಂಘದವರಲ್ಲ. ಮನೆ ಮಾರಿ ದಾವಣಗೆರೆಯ ತಂಗಿಯ ಬಳಿ ಹೋಗಿಬಿಡೋಣ ಅನ್ನಿಸಿದಾಗ, ನಿನಗೇ ಕೊಡುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ಆಷಾಢ ಹತ್ತಿರವಿತ್ತು. ರಿಜಿಸ್ಟ್ರೇಷನ್ ಆಮೇಲಾಗಲಿ, ಒಳ್ಳೆಯ ದಿನ ತಪ್ಪಬಾರದು ಎಂದು ಹಾಲುಕ್ಕಿಸಲು ನಾನೇ ಅವಸರ ಮಾಡಿದೆ. ಅಷ್ಟು ವರ್ಷ ಅಡುಗೆ ಮಾಡಿದ ಒಲೆಗೇ ಅವಳು ಅರಿಶಿನ ಕುಂಕುಮ ಹಚ್ಚಿ, ಹೊಸ ಪಾತ್ರೆ ಇಟ್ಟಳು. ಹಾಲು ಉಕ್ಕಿ ಚೆಲ್ಲಿದಾಗ ಗಳಗಳನೆ ಅತ್ತುಬಿಟ್ಟಳು. ಸಂಘದ ಅಧ್ಯಕ್ಷರೂ ಬಂದು, ಕೇಳಿ ಕೇಳಿ ಪಾಯಸ ಹಾಕಿಸಿಕೊಂಡರು.

ಆಮೇಲೆ ಬ್ಯಾಂಕಿನವರು ಷರತ್ತು ನೋಡಿ ಅವಳ ಸಾಲ ನಿಲ್ಲಿಸಿದರು. ಅಂಥದ್ದೊಂದು ಇದೆ ಎಂದು ನನಗೆ ಗೊತ್ತಾದದ್ದೇ ಆಗ. ವಕೀಲರನ್ನು ಕೇಳಿದೆ.

"ಮೇಡಂ, ಕೋರ್ಟಲ್ಲಿ ಇದು ನಿಲ್ಲಲ್ಲ. ಆದ್ರೆ ಪತ್ರದಿಂದ ತೆಗೀಬೇಕಂದ್ರೆ ಸಂಘದವ್ರೂ ಬಂದು ತಿದ್ದುಪಡಿಗೆ ಸಹಿ ಹಾಕ್ಬೇಕು. ಕೇಸು ಹಾಕಿದ್ರೆ ನಿಮ್ಮ ಕಾಲದಲ್ಲಿ ಮುಗಿಯುತ್ತೆ ಅಂತ ಹೇಳಕ್ಕಾಗಲ್ಲ," ಎಂದರು.

ಅಧ್ಯಕ್ಷರ ಮನೆಗೆ ಅಲೆದಲೆದು ಚಪ್ಪಲಿ ಸವೆಯಿತು.

"ನಂದೇನೂ ಇಲ್ಲ ಕಣಮ್ಮ, ಮನುಷ್ಯರೆಲ್ಲಾ ಒಂದೇ. ಆದ್ರೆ ಇವತ್ತು ನಿಮಗೆ ತೆಗೆದುಕೊಟ್ರೆ ನಾಳೆ ಎಲ್ರೂ ಬರ್ತಾರೆ."

"ಪಾಯಸ ತಿನ್ನೋವಾಗ ಷರತ್ತು ನೆನಪಾಗ್ಲಿಲ್ವೇನ್ರೀ?" ಎಂದು ಕಿರುಚಿದೆ. ಅವರು ನಕ್ಕರು. ಶರಣರ ಜಯಂತಿಯಲ್ಲಿ ಮೈಕು ಹಿಡಿದು ಜಾತಿಯೇ ಇಲ್ಲ ಎಂದು ಕೂಗುವ ಬಾಯಿ ಅದೇ. ಥೂ! ನನಗೆ ಆ ದಿನ ನನ್ನವರೆಂದರೆ ಹೇಸಿಗೆಯಾಯಿತು.

ಸಹಿ ಬೀಳಲಿಲ್ಲ, ಬೀಳುವ ಹಾಗೂ ಕಾಣಲಿಲ್ಲ. ಕೆಳಗಿಳಿದು ಅವಳಿಗೆ ಹೇಳಿದೆ. "ಮೊದ್ಲಿನ ಹಾಗೇ ಇದ್ದುಬಿಡೇ, ಬಾಡಿಗೆ ಎಷ್ಟು ಬೇಕಾದ್ರೂ ಕಮ್ಮಿ ಮಾಡ್ತೀನಿ," ಎಂದೆ.

ಅವಳು ಆಗಲೇ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ನಮ್ಮ ಮನಿ ಅಂತ ಹಾಲು ಉಕ್ಕಿಸೀನ್ರಿ ಅಕ್ಕಾರ. ಅದ ಮನ್ಯಾಗ ತಿರುಗಿ ಬಾಡಗಿ ಕೊಟ್ಕೋತ ಹ್ಯಾಂಗ ಇರ್ಲಿ?"