ಅಕ್ಕನ ಹೆಸರು ಕೂರದ ಪದ್ಯ

ನ್ಯಾಮತಿಯ ದೊಡ್ಡಣ್ಣ ಮೇಷ್ಟ್ರು ನನ್ನ ಭಾವ. ಅವರ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪದ್ಯ ಕಿವಿಗೆ ಬಿದ್ದರೆ ಸಾಕು, ಬೆರಳ ಗೆಣ್ಣು ಎಣಿಸತೊಡಗುತ್ತಿದ್ದರು: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನದಕ್ಕೂ ಎರಡು. ಚಾವಡಿಯಲ್ಲಿ ಪುರಾಣ ಓದುವವನನ್ನು ನಡುವೆ ತಡೆದು, "ಪ್ರಾಸ ತಪ್ತು ಕಣಯ್ಯ, ಎರಡನೇ ಅಕ್ಷರ ನೋಡು" ಅನ್ನುತ್ತಿದ್ದರು. ಆ ಪುಣ್ಯಾತ್ಮ ಪುಸ್ತಕ ಮಡಚಿ ಎದ್ದುಹೋಗುತ್ತಿದ್ದ.

ಯುದ್ಧದ ಕಾಲ. ಕ್ವಿನೈನ್ ಸಿಗದೆ ನನ್ನಕ್ಕ ಭೀಮಕ್ಕ ಚಳಿಜ್ವರದಲ್ಲಿ ಸವೆಯುತ್ತಿದ್ದಳು. ನಾನು ತ್ಯಾವಣಿಗೆಯಿಂದ ಬಂದು ಅಲ್ಲೇ ಉಳಿದಿದ್ದೆ. ಒಂದು ಬೆಳಗ್ಗೆ ಅವಳು ಗಂಡನಿಗೆ ಹೇಳಿದಳು: "ಊರಾರ ಪದ್ಯ ಎಲ್ಲ ಬಿಚ್ಚಿ ನೋಡ್ತೀರಿ. ನನ್ನ ಮ್ಯಾಲೊಂದು ಬರೀರಿ. ನನ್ನ ಹೆಸರಿನಿಂದ್ಲೇ ಶುರು ಆಗ್ಬೇಕು. ಕಣ್ಣು ಮುಚ್ಚೋದ್ರೊಳಗೆ ಕೇಳ್ಬೇಕು."

ಭಾವ ಬರೆಯಲು ಕೂತರು. ಮಕ್ಕಳಿಗೆ ದಿನಾ ಕಲಿಸುವ ಭಾಮಿನಿ ಷಟ್ಪದಿಯನ್ನೇ ಹಿಡಿದರು. ಆರು ಸಾಲು; ಮೂರು ಮಾತ್ರೆ, ನಾಲ್ಕು ಮಾತ್ರೆಯ ನಡಿಗೆ. ಮೊದಲ ಹೆಜ್ಜೆಯಲ್ಲೇ ಎಡವಿದರು.

"ಭೀಮಕ್ಕ ಅನ್ನೋದು ಮೂರಕ್ಕೆ ತುಂಡಾಗಲ್ಲ ಕಣೆ. ಭೀಮೆ ಅಂತ ಹಾಕ್ತೀನಿ, ಸರಿಯಾಗಿ ಕೂರ್ತೈತೆ."

"ಭೀಮೆ ಯಾರ್ರೀ? ಆಯಮ್ಮನ ಪರಿಚಯ ನಂಗಿಲ್ಲ," ಅಂದಳು ಅಕ್ಕ. ನನಗೆ ನಗು ಬಂತು. ಅವಳು ನಗಲಿಲ್ಲ.

"ಹೆಂಗಾದ್ರೂ ಕೂರ್ಸ್ರಿ ಭಾವ. ಹೆಚ್ಚುಕಮ್ಮಿ ಆದ್ರೆ ಆಕಾಶ ಕಳಚಿ ಬೀಳ್ತೈತಾ?" ಎಂದೆ. ತಪ್ಪು ಪದ್ಯವನ್ನು ಹೆಂಡತಿಯ ತಲೆಗೆ ಕಟ್ಟಲಾರೆ ಎಂದರು. ಅದೆಂಥ ಮಡಿಯೋ ನಾ ಕಾಣೆ. ಬರೆದರು, ಹರಿದರು, ಮತ್ತೆ ಬರೆದರು. ಅಕ್ಕ ದಿನಾ "ಆತೇನ್ರಿ?" ಎಂದು ಕೇಳುತ್ತಿದ್ದಳು. ಬರಬರುತ್ತಾ ಕೇಳುವುದನ್ನೂ ಬಿಟ್ಟಳು. ನಾನು ಹಿತ್ತಲಿಗೆ ಹೋಗಿ ಅತ್ತೆ. ಶ್ರಾವಣದ ಒಂದು ಮಧ್ಯಾಹ್ನ ಅವಳ ಪ್ರಾಣ ಹೋಯಿತು.

ಮಣ್ಣು ಮಾಡುವಾಗ ಕುಣಿಯ ಅಂಚಿನಲ್ಲಿ ನಿಂತು "ಭೀಮಕ್ಕ, ಭೀಮಕ್ಕ" ಎಂದು ಕೂಗಿಕೊಂಡೆ. ಪಕ್ಕದಲ್ಲಿದ್ದ ಭಾವನ ಬೆರಳು ಆಡತೊಡಗಿತು. ಭೀ, ಎರಡು. ಮ, ಒತ್ತಕ್ಷರದ ಹಿಂದಿನದು, ಎರಡು. ಕ್ಕ, ಒಂದು. ಅವರು ನನ್ನತ್ತ ತಿರುಗಿದರು.

"ಐದು ಕಣಪ್ಪ. ವಾರ್ಧಕ ಷಟ್ಪದಿ ನಡೆಯೋದೇ ಐದೈದರಾಗೆ. ಹೆಸರು ಹಂಗೇ ಕೂರ್ತಿತ್ತು."

"ಇಷ್ಟು ದಿನ ಎಣಿಸಿರ್ಲಿಲ್ವಾ?"

"ಎಣಿಸಿದ್ದೆ. ಭಾಮಿನಿಗೆ ಎಷ್ಟು ಹೆಚ್ಚಾಗ್ತೈತೆ ಅಂತಷ್ಟೇ ನೋಡ್ದೆ. ಕತ್ತರಿಸಾಕೇ ಹೋದೆ."

ನನಗೆ ಮೈಯೆಲ್ಲ ಉರಿಯಿತು. "ಹಂಗಾದ್ರೆ ಈಗ ಬರೀರಿ," ಎಂದೆ.

ಅವರು ಕುಣಿಯೊಳಗೆ ನೋಡಿದರು. "ಬರ್ದು ಯಾರಿಗೆ ಓದ್ಲಿ?" ಎಂದರು.

ಜನ ಕಾಯುತ್ತಿದ್ದರು. ನಾನು ಒಂದು ಹಿಡಿ ಮಣ್ಣೆತ್ತಿ ಅವರ ಕೈಗೆ ಕೊಟ್ಟೆ.