ಮೂರನೆಯ ದಿನದ ಹಂದಿ

ಯೌ ಮಾ ತೇಯ್ ಹಣ್ಣಿನ ಮಂಡಿಯ ಹಿಂದಿನ ಓಣಿಗೆ ಹೊಸದಾಗಿ ಬಂದವರು ಹಿಂಗ್ ಅಕ್ಕನನ್ನು ನೋಡಿ ನಗುವುದುಂಟು. ಮದುವೆಯಾದ ಮೂರನೆಯ ದಿನ ಗಂಡಿನ ಮನೆಯವರು ಮದುಮಕ್ಕಳ ಜೊತೆ ಹುಡುಗಿಯ ತವರಿಗೆ ಇಡೀ ಸುಟ್ಟ ಹಂದಿಯನ್ನು ಕಳಿಸುತ್ತಾರಲ್ಲ, ಅದು ಅವಳ ಅಂಗಡಿಯಿಂದ ಹೊರಟಿತೆಂದರೆ ಹೊರುವವರ ಹಿಂದೆ ಅವಳೂ ಹೊರಡುತ್ತಾಳೆ. ಜಿಡ್ಡಿನ ಏಪ್ರನ್ ಬಿಚ್ಚಿಟ್ಟು, ಕೂದಲಿಗೆ ನೀರು ಸವರಿ ಬಾಚಿಕೊಂಡು, ಬಿಸಿಲಿರಲಿ ಮಳೆಯಿರಲಿ, ಹೆಣದ ಹಿಂದೆ ನಡೆದ ಹಾಗೆ ಗಂಭೀರವಾಗಿ ನಡೆಯುತ್ತಾಳೆ. ತವರುಮನೆಯ ಬಾಗಿಲಲ್ಲಿ ಕೆಂಪು ಕಾಗದ ಸರಿಸಿ, ಹಂದಿಯ ಬಾಲವನ್ನು ಎರಡು ಬೆರಳಲ್ಲಿ ಹಿಡಿದು, "ನೋಡ್ಕೊಳ್ಳಿ, ಇದೆ" ಎನ್ನುತ್ತಾಳೆ. ಒಂದು ಲೋಟ ಚಹಾ ಕೂಡ ಕುಡಿಯದೆ ಹಿಂದಿರುಗುತ್ತಾಳೆ.

ಹಳಬರು ನಗುವುದಿಲ್ಲ. ಅವಳ ಎಡಗಿವಿ ಯಾಕೆ ಒಣಗಿದ ಅಣಬೆಯ ಹಾಗೆ ಮುದುರಿಕೊಂಡಿದೆ ಎಂಬುದು ಅವರಿಗೆ ಗೊತ್ತು.

ಶುನ್ ತಾಕ್ ಕಡೆಯ ರೇಷ್ಮೆ ಹುಳದ ಹಳ್ಳಿಯಿಂದ ಹದಿನೆಂಟರ ಹುಡುಗಿಯಾಗಿ ಅವಳು ಈ ಓಣಿಗೆ ಬಂದದ್ದು, ಕೌ ಶಿಂಗ್ ಎಂಬ ಮಾಂಸ ಸುಡುವ ಮೇಸ್ತ್ರಿಯ ಹೆಂಡತಿಯಾಗಿ. ಶಿಂಗ್‌ನ ಕೈಯಲ್ಲಿ ರುಚಿ ಇತ್ತು, ಅದನ್ನು ಅವನ ಶತ್ರುಗಳೂ ಒಪ್ಪುತ್ತಿದ್ದರು. ಹೆಬ್ಬಾತಿನ ಚರ್ಮಕ್ಕೂ ಮಾಂಸಕ್ಕೂ ನಡುವೆ ಬಿದಿರ ಕೊಳವೆಯಿಂದ ಗಾಳಿ ಊದಿದನೆಂದರೆ ಅದು ಬಿಗಿಯಾಗಿ ಉಬ್ಬಿ ಇನ್ನೇನು ಹಾರಿಹೋಗುತ್ತದೆ ಅನ್ನಿಸುತ್ತಿತ್ತು. ಅವನು ಸುಟ್ಟ ಚಾ ಸಿಯು ಎಂಬ ಸಿಹಿ ಹಂದಿಮಾಂಸದ ಅಂಚು ಪಾಕ ಹಿಡಿದು ಕಪ್ಪಾಗಿ, ಒಳಗೆ ಬೆಣ್ಣೆಯಂತಿರುತ್ತಿತ್ತು. ಅದೇ ಬಿದಿರ ಕೊಳವೆಯಿಂದ ಅವನು ಹೆಂಡತಿಯ ಬೆನ್ನಿಗೂ ಬಾರಿಸುತ್ತಿದ್ದ. ಒಮ್ಮೆ ಕುದಿಯುವ ಪಾಕದ ಸೌಟನ್ನೇ ಅವಳ ಮುಂಗೈ ಮೇಲೆ ಬಗ್ಗಿಸಿದ. ಗಿರಾಕಿಯೊಬ್ಬನಿಗೆ ಕೊಬ್ಬು ಹೆಚ್ಚಾಗಿ ಹೋಯಿತು ಅನ್ನುವುದಷ್ಟೇ ಕಾರಣ. ಆ ಕಾಲಕ್ಕೆ ಓಣಿಯಲ್ಲಿ ಗಂಡ ಹೆಂಡತಿಗೆ ಹೊಡೆಯುವುದೆಂದರೆ ಮಳೆ ಬಂದ ಹಾಗೆ. ಜನ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು.

ಅಂಗಡಿಯ ಮೂಲೆಯ ಹಲಗೆಯ ಮೇಲೆ ಕೆಂಪು ಮುಖದ ಕ್ವಾನ್ ಕುಂಗ್ ದೇವರು ಖಡ್ಗ ಹಿಡಿದು ನಿಂತಿದ್ದ. ಹಿಂಗ್ ಬೆಳಿಗ್ಗೆ ಎದ್ದು ಮೊದಲು ಅವನಿಗೆ, ಆಮೇಲೆ ಹೊಸ್ತಿಲ ಬಳಿಯ ಭೂಮಿದೇವರಿಗೆ ಊದುಬತ್ತಿ ಹಚ್ಚುತ್ತಿದ್ದಳು. ಅವಳ ಬೇಡಿಕೆ ಚಿಕ್ಕದು. 'ಇವತ್ತು ಅವನ ಬಾಯಿ ಎಷ್ಟು ಬೇಕಾದರೂ ನಡೆಯಲಿ, ಕೈ ಮಾತ್ರ ಬೇಡ.' ದೇವರು ಕೆಲವು ದಿನ ಕೇಳಿಸಿಕೊಳ್ಳುತ್ತಿದ್ದ.

ಓಣಿಯಲ್ಲಿ ಕಿಟಕಿ ಮುಚ್ಚದಿದ್ದವಳು ಒಬ್ಬಳೇ. ಹಣ್ಣಿನ ಮಂಡಿಯ ಹಮಾಲರ ಮುಖಂಡ ಫುಂಗ್ ಕಾಮ್‌ಶುಯಿಯ ಮಗಳು ವಾನ್‌ಕಿಯು. ಚಿಕ್ಕವಳಿದ್ದಾಗಿನಿಂದ ಬಾತಿನ ಕತ್ತು ಕೊಳ್ಳಲು ಅಂಗಡಿಗೆ ಬರುತ್ತಿದ್ದಳು. ಪಾಕ ಸುರಿದ ಮಾರನೆಯ ದಿನ ಕೌಂಟರಿನ ಆಚೆಯಿಂದ ಕತ್ತು ಚಾಚಿ, "ತುಂಬಾ ನೋಯ್ತಾ ಅಕ್ಕಾ?" ಎಂದು ಕೇಳಿದ್ದಳು. ಮನೆಯಿಂದ ಮುಲಾಮು ತಂದು ತಾನೇ ಹಚ್ಚಿದ್ದಳು. ಹಿಂಗ್‌ಗೆ ಆ ಊರಲ್ಲಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

ಆ ವಾನ್‌ಕಿಯುವಿನ ಮದುವೆ, ಅಕ್ಕಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಾಕ್ ಯಿಯುಹೋಂಗ್ ಎಂಬ ಮೆತ್ತನೆಯ ಹುಡುಗನ ಜೊತೆ ಆಯಿತು. ಮೂರನೆಯ ದಿನದ ಹಂದಿಯನ್ನು ಮಾಕ್ ಮನೆಯವರು ಶಿಂಗ್‌ಗೇ ಹೇಳಿದ್ದರು. ಹಿಂದಿನ ದಿನ ಹಿಂಗ್ ತಾನೇ ಅದರ ಚರ್ಮಕ್ಕೆ ಸೂಜಿಹಲಗೆ ಚುಚ್ಚಿ, ಉಪ್ಪು ವಿನೆಗರ್ ತಿಕ್ಕಿ ಒಣಗಲು ತೂಗುಹಾಕಿದಳು. ಬೆಂಕಿಗೆ ಮೊದಲು ಸುಟ್ಟು ಕರಕಲಾಗುವುದು ಕಿವಿ ಮತ್ತು ಬಾಲ. ಅವಕ್ಕೆ ಒದ್ದೆ ಕಾಗದ ಸುತ್ತಿ ದಾರ ಕಟ್ಟಿದಳು. ಬೆಳಿಗ್ಗೆ ಶಿಂಗ್ ಒಲೆಗೆ ಇಳಿಸಿದ ಮೇಲೆ, ಅಂದು ತಿಂಗಳ ಮೊದಲ ದಿನವಾದ್ದರಿಂದ, ತಿನ್ ಹೌ ತಾಯಿಯ ಗುಡಿಗೆ ಹೋಗಿ ಹುಡುಗಿಯ ಹೆಸರಲ್ಲಿ ಎಣ್ಣೆ ಹಾಕಿ ಬಂದಳು.

ಹಿಂದಿರುಗುವಷ್ಟರಲ್ಲಿ ಹಂದಿ ಹೊರಟುಹೋಗಿತ್ತು. ಶಿಂಗ್ ಹಿಂದಿನ ಮೇಜಿನಲ್ಲಿ ಕಾಲು ಚಾಚಿ ಅಕ್ಕಿ ಹೆಂಡ ಕುಡಿಯುತ್ತಿದ್ದ. ಹಿಂಗ್ ಮೇಜು ಒರೆಸಲು ಬಗ್ಗಿದಳು. ಬಟ್ಟಲ ಪಕ್ಕದಲ್ಲಿ ಜಪಮಣಿಗಳಂಥ ಪುಟ್ಟ ಪುಟ್ಟ ಮೂಳೆಗಳಿದ್ದವು.

"ಇದೇನ್ರೀ?"

"ಬಾತಿನ ಕತ್ತು."

ಬಾತುಗಳು ಇನ್ನೂ ಬಕೆಟ್ಟಿನಲ್ಲಿ ಹಸಿಯಾಗಿ ಬಿದ್ದಿದ್ದವು. ಅಂದು ಒಲೆಗೆ ಇಳಿದದ್ದು ಒಂದೇ ಒಂದು, ಆ ಹಂದಿ.

"ರೀ, ಬಾಲ ಎಲ್ಲಿ?"

"ಕಾಗದ ಬಿಚ್ಚುವಾಗ ಕೈಗೇ ಬಂತು. ಬಂದಿದ್ದನ್ನ ಗೋಂದು ಹಾಕಿ ಅಂಟಿಸ್ಲಾ? ಹೆಂಡದ ಜೊತೆ ಚೆನ್ನಾಗಿತ್ತು. ಮೇಲೆ ಕೆಂಪು ಕಾಗದ ಹೊದಿಸಿದೀನಿ, ಯಾರು ಎತ್ತಿ ನೋಡ್ತಾರೆ?"

"ಅದನ್ನೇ ಅಲ್ವೇನ್ರೀ ಮೊದಲು ನೋಡೋದು! ತಲೆಯಿಂದ ಬಾಲದ ತನಕ ಇಡೀ ಹಂದಿ ಬಂದ್ರೆ ತಾನೇ ಹುಡುಗಿ ಕೆಡದೆ ಬಂದ್ಲು ಅಂತ ಅರ್ಥ? ಬಾಲ ಇಲ್ದಿದ್ರೆ ಮಾಕ್ ಮನೆಯೋರು ಅವಳನ್ನ ಕೆಟ್ಟವಳು ಅಂದ ಹಾಗಾಯ್ತು. ಫುಂಗ್ ಮಾವ ಅವಳನ್ನ ಉಳಿಸ್ತಾರಾ?"

ಹೊಡೆತ ಬಿತ್ತು. ಅವಳ ಹಲ್ಲಿಗೆ ತುಟಿ ಸಿಕ್ಕಿ ಸೀಳಿತು.

"ನಮ್ಮಜ್ಜನ ಕಾಲದಿಂದ ಈ ಅಂಗಡಿಯಿಂದ ಊನ ಇರೋ ಹಂದಿ ಹೋಗಿಲ್ಲ, ತಿಳೀತಾ? ನೀನು ಬಾಯಿ ಬಿಟ್ರೆ ನಿನ್ನ ಕಿವಿ ಕೊಯ್ದು ಆ ಹಂದಿಗೆ ಅಂಟಿಸಿ ಬರ್ತೀನಿ."

ಅಷ್ಟರಲ್ಲಿ ಎದುರು ಸಾಲಿನ ತೋಫು ಮಾರುವ ಲುಕ್ ಅಜ್ಜಿ ಎದೆ ಬಡಿದುಕೊಳ್ಳುತ್ತ ಅಂಗಡಿಯ ಮುಂದೆ ಬಂದು ನಿಂತಳು.

"ಶಿಂಗ್! ಏನು ಹಂದಿ ಕಳಿಸಿದ್ಯೋ ಮುಂಡೇದೆ? ಬಾಲಾನೇ ಇಲ್ವಂತೆ! ಆ ಕಾಮ್‌ಶುಯಿ ಮೈಮೇಲೆ ದೆವ್ವ ಬಂದ ಹಾಗೆ ಆಡ್ತಿದಾನೆ. ಅಳಿಯನ ತಲೆ ಒಡೆದು ರಕ್ತ ಧಾರಾಕಾರ. ಮಗಳ ಜಡೆಯನ್ನ ಮೆಟ್ಟಿಲ ಕಂಬಿಗೆ ಕಟ್ಟಿ, 'ಯಾರ ಜೊತೆ ಮಲಗಿದ್ದೆ ಹೇಳು' ಅಂತ ಹೊರೆಗೋಲಲ್ಲಿ ಬಡೀತಿದಾನೆ. ಸಾಯಿಸ್ತಾನೆ ಕಣೋ!"

"ಮಾಕ್ ಮನೆಯೋರು ಕತ್ತರಿಸಿರಬೇಕು ಅಜ್ಜಿ," ಎಂದ ಶಿಂಗ್, ಬಟ್ಟಲಿನಿಂದ ತಲೆ ಎತ್ತದೆ. "ಅವರವರ ಮನೆ ವಿಷಯ. ನಮಗ್ಯಾಕೆ?"

ಹಿಂಗ್ ಮೂಳೆಗಳನ್ನು ಬಾಚಿ ಮುಷ್ಟಿಯಲ್ಲಿ ಹಿಡಿದಳು. ಶಿಂಗ್ ಅದನ್ನು ನೋಡಿಬಿಟ್ಟ. ಅವಳು ಕೌಂಟರ್ ದಾಟುವ ಮೊದಲೇ ತುರುಬು ಹಿಡಿದು ಹಿಂದಕ್ಕೆಳೆದು ಒಲೆಯ ಕಬ್ಬಿಣದ ಬಾಯಿಗೆ ಅವಳ ತಲೆಯನ್ನು ಒತ್ತಿದ. ಚರ್ಮ ಚುರುಗುಟ್ಟಿತು. ತನ್ನದೇ ಕಿವಿ ಸುಡುವ ವಾಸನೆ ಅವಳಿಗೆ ಬಡಿಯಿತು. ದಿನವೂ ಮೂಗಿಗೆ ಬರುವ ವಾಸನೆಗೂ ಅದಕ್ಕೂ ಅಂಥ ವ್ಯತ್ಯಾಸವಿರಲಿಲ್ಲ ಎಂದು ಆಮೇಲೆ ಲುಕ್ ಅಜ್ಜಿಗೆ ಹೇಳಿದ್ದಳು. ತಡಕಾಡಿದ ಬಲಗೈಗೆ ಹಂದಿಗೆ ತಿಕ್ಕುವ ಉಪ್ಪು ವಿನೆಗರಿನ ಬೋಗುಣಿ ಸಿಕ್ಕಿತು. ಹಿಂದು ಮುಂದು ನೋಡದೆ ಅವನ ಮುಖಕ್ಕೆ ಎರಚಿದಳು. ಅವನು ಕಣ್ಣು ಮುಚ್ಚಿಕೊಂಡು ಊಳಿಟ್ಟ. ಅವಳು ಓಡಿದಳು.

ಫುಂಗ್ ಮನೆ ಮೂರನೆಯ ಮಹಡಿ. ಮೆಟ್ಟಿಲ ಉದ್ದಕ್ಕೂ ಹಮಾಲರು ತುಂಬಿದ್ದರು. ಬಾಗಿಲ ಮುಂದೆ ಹಂದಿ ಬಂಗಾರದ ಬಣ್ಣದಲ್ಲಿ ಮಲಗಿತ್ತು. ಯಾರೋ ಅದರ ಬೆನ್ನಿಗೆ ಮಚ್ಚು ನೆಟ್ಟಿದ್ದರು. ಅಳಿಯ ಗೋಡೆಗೊರಗಿ ಕೂತು, ತಲೆಗೆ ತನ್ನ ಅಂಗಿಯನ್ನೇ ಒತ್ತಿಕೊಂಡು, "ಮಾವ, ನಾವು ಇಡೀ ಹಂದೀನೇ ಹೇಳಿದ್ವಿ. ಮಾವ, ಅವಳದೇನೂ ತಪ್ಪಿಲ್ಲ," ಎಂದು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ವಾನ್‌ಕಿಯುವಿನ ಕೆಂಪು ಅಂಗಿಯ ಬೆನ್ನು ಹರಿದಿತ್ತು. ಒಂದು ಕಣ್ಣು ಮುಚ್ಚಿಹೋಗಿತ್ತು. ಜಡೆ ಕಂಬಿಗೆ ಕಟ್ಟಿದ್ದರಿಂದ ಕುಸಿದರೂ ಪೂರ್ತಿ ಬೀಳಲಾಗದೆ ತೂಗುತ್ತಿದ್ದಳು.

"ನಿನ್ನ ಹೆರೋ ಬದಲು ಒಂದು ತುಂಡು ಚಾ ಸಿಯು ಹೆತ್ತಿದ್ರೆ ನಿಮ್ಮಮ್ಮ ಅನ್ನಕ್ಕಾದ್ರೂ ಕಲಸ್ಕೋಬಹುದಿತ್ತು!" ಕಾಮ್‌ಶುಯಿಯ ಹೊರೆಗೋಲು ಮತ್ತೆ ಮೇಲೆದ್ದಿತು. "ಹೆಸರು ಹೇಳು. ಹೇಳದಿದ್ರೆ ಹೆಣ ಆಗ್ತೀಯಾ."

"ನಿಲ್ಲಿಸಿ ಮಾವ! ಬಾಲ ಹೋಗಿದ್ದು ನಮ್ಮ ಅಂಗಡೀಲಿ. ನಮ್ಮೋರು ತಿಂದ್ರು. ನೋಡಿ!"

ಹಿಂಗ್ ಮುಷ್ಟಿ ಬಿಚ್ಚಿದಳು. ಕಾಮ್‌ಶುಯಿ ಮೂಳೆಗಳನ್ನು ನೋಡಿದ, ಅವಳ ಸುಟ್ಟ ಕಿವಿಯನ್ನು ನೋಡಿದ, ಉಗುಳಿದ.

"ಬೀದಿ ನಾಯಿ ಹತ್ರ ಕಿತ್ಕೊಂಡು ಬಂದ್ಯಾ? ಶಿಂಗ್ ಮೇಸ್ತ್ರಿ ಮದುವೆ ಹಂದಿ ಬಾಲ ತಿನ್ನೋಷ್ಟು ಹುಚ್ಚನಾ? ಇವಳು ಚಿಕ್ಕಂದಿನಿಂದ ನಿನ್ನ ಅಂಗಡೀಲೇ ಬಿದ್ದಿರ್ತಿದ್ಳು. ನೀನೇ ಏನೋ ಮುಚ್ಚಿಡ್ತಿದೀಯ. ಸರಿ ಆಚೆ!"

"ತಾಯಿ ತಿನ್ ಹೌ ಆಣೆ ಮಾವ—"

ಕೋಲು ಇಳಿಯಿತು. ಹಿಂಗ್ ಹುಡುಗಿಯ ಮೇಲೆ ಬಿದ್ದುಕೊಂಡಳು. ಹೊಡೆತ ಅವಳ ಹೆಗಲಿಗೆ ಬಿತ್ತು. ಎರಡನೆಯದೂ ಅಲ್ಲಿಗೇ ಬಿತ್ತು. ಅವಳಿಗೆ ಹೊಡೆತದ ಅಭ್ಯಾಸವಿತ್ತು. ಉಸಿರು ಬಿಟ್ಟು ಮೈ ಸಡಿಲ ಮಾಡಿಕೊಂಡಳು. ಕೆಳಗಿನಿಂದ ವಾನ್‌ಕಿಯು, "ಹೋಗಕ್ಕಾ, ನಿನ್ನನ್ನೂ ಸಾಯಿಸ್ತಾರೆ," ಎಂದಳು.

ಮೆಟ್ಟಿಲ ಮೇಲೆ ಗದ್ದಲವಾಯಿತು. ಶಿಂಗ್ ಬಂದಿದ್ದ. ಕಣ್ಣು ಎರಡು ಕೆಂಡ, ಕೈಯಲ್ಲಿ ಹಂದಿ ತೂಗುಹಾಕುವ ಕಬ್ಬಿಣದ ಕೊಕ್ಕೆ. ವಿನೆಗರಿನ ಉರಿಗೆ ಅವನಿಗೆ ಅಲ್ಲಿ ಯಾರಿದ್ದಾರೆಂಬುದೂ ಸರಿಯಾಗಿ ಕಾಣುತ್ತಿರಲಿಲ್ಲ. ಕಂಡದ್ದು ಹೆಂಡತಿಯ ಬೆನ್ನು ಮಾತ್ರ. ನೇರ ಹೋಗಿ ಅವಳ ಕೂದಲು ಹಿಡಿದು ಎತ್ತಿ ಗೋಡೆಗೆ ಬಡಿದ.

"ಒಂದು ಬಾಲ! ಒಂದು ಬಾಲ ತಿಂದಿದ್ದಕ್ಕೆ ಊರ ಮುಂದೆ ನನ್ನ ಮಾನ ಕಳೀತೀಯೇನೇ ಲೌಡಿ! ನಾನು ಸುಟ್ಟ ಹಂದಿ, ನಾನು ಮುರಿದೆ, ನಾನು ತಿಂದೆ! ನಿಮ್ಮಪ್ಪನ ಮನೇದೇನೇ ಅದು?"

ಮೆಟ್ಟಿಲ ಮೇಲಿನ ಹಮಾಲರು ಕತ್ತು ಚಾಚಿದರು. ಅಳಿಯನ ಗೊಣಗಾಟ ನಿಂತಿತು.

ಕಾಮ್‌ಶುಯಿ ಮೆಲ್ಲಗೆ, ಮಗುವನ್ನು ಕೇಳುವ ಹಾಗೆ ಕೇಳಿದ, "ಮೇಸ್ತ್ರಿ, ಏನು ತಿಂದೆ ಅಂದೆ?"

ಶಿಂಗ್ ಆ ದನಿಯ ಕಡೆ ತಿರುಗಿದ. ಕಣ್ಣು ಉಜ್ಜಿಕೊಂಡ. ತಾನು ಎಲ್ಲಿ ನಿಂತಿದ್ದೇನೆ ಎಂಬುದು ಆಗ ಅವನಿಗೆ ತಿಳಿಯಿತು. ನಗಲು ನೋಡಿದ.

"ಬಾತು ಅಣ್ಣಾ... ಬಾತಿನ ಕತ್ತು..."

ಹೊರೆಗೋಲು ಅವನ ಬಲ ಮಣಿಕಟ್ಟಿಗೆ ಬಿತ್ತು. ಕೊರಡಿನ ಮೇಲೆ ಮಚ್ಚು ಮೂಳೆ ಕಡಿಯುವಾಗ ಬರುತ್ತದಲ್ಲ, ಅದೇ ಸದ್ದು. ಕೊಕ್ಕೆ ಮೆಟ್ಟಿಲುಗಳ ಮೇಲೆ ಠಣಠಣ ಉರುಳಿ ಹೋಯಿತು. ಕಾಮ್‌ಶುಯಿ ಅದೇ ಜಾಗಕ್ಕೆ ಮತ್ತೆ ಹೊಡೆದ. ಆಮೇಲೆ ಹಮಾಲರು ಸುತ್ತುವರಿದರು. ಅಷ್ಟು ಹೊತ್ತು ಕಟ್ಟಿಕೊಂಡಿದ್ದ ಸಿಟ್ಟಿಗೆ ಈಗ ಸರಿಯಾದ ಮೈ ಸಿಕ್ಕಿತ್ತು. ಮುಷ್ಟಿ, ಮೊಣಕಾಲು, ಮರದ ಚಪ್ಪಲಿ, ಯಾವುದೂ ಬಿಡಲಿಲ್ಲ. ಹಲ್ಲೊಂದು ಹಂದಿಯ ಬೆನ್ನ ಮೇಲೆ ಬಿದ್ದು ಅಲ್ಲೇ ಉಳಿಯಿತು.

ಹಿಂಗ್ ಕಂಬಿಯಿಂದ ಹುಡುಗಿಯ ಜಡೆ ಬಿಚ್ಚುತ್ತಿದ್ದಳು. ಗಂಟು ರಕ್ತಕ್ಕೆ ಬಿಗಿದುಹೋಗಿತ್ತು. ಬಿಚ್ಚಿ ಮುಗಿಯುವ ತನಕ ಅವಳು ತಿರುಗಿ ನೋಡಲಿಲ್ಲ. ಆಮೇಲೆ ಹೇಳಿದಳು:

"ಸಾಕು ಮಾವ. ಅವರು ಸತ್ರೆ ನಾಳೆ ಒಲೆ ಹಚ್ಚೋರಿಲ್ಲ."

ಹಮಾಲರು ಕೈ ಬಿಟ್ಟರು. ಕಾಮ್‌ಶುಯಿ ಕೋಲು ಊರಿಕೊಂಡು ಹಂದಿಯ ಮುಂದೆ ನಿಂತ. ಮಗಳ ಮುಖ ನೋಡಲು ಅವನಿಗಾಗಲಿಲ್ಲ. ಪದ್ಧತಿ ಮಾತ್ರ ನೆನಪಿತ್ತು. ಬಂದ ಹಂದಿಯ ನಡುಭಾಗ ಇಟ್ಟುಕೊಂಡು ತಲೆ, ಬಾಲ ಗಂಡಿನ ಮನೆಗೆ ಹಿಂದಕ್ಕೆ ಕಳಿಸಬೇಕು.

"ಈಗ ಅವರಿಗೆ ಏನು ಕಳಿಸೋದು?" ಎಂದ, ಯಾರಿಗೆಂದಿಲ್ಲದೆ.

"ತಲೆ ಕಳಿಸಿ," ಎಂದಳು ವಾನ್‌ಕಿಯು. ತುಟಿ ಊದಿ ಮಾತು ತೊದಲುತ್ತಿತ್ತು. "ಬಾಲದ ಬದಲು ಅಕ್ಕ ತಂದ ಆ ಮೂಳೆ ಕಳಿಸಿ. ನೋಡಲಿ."

ಕೆಂಪು ಕಾಗದದ ತುಂಡಿನಲ್ಲಿ ಮೂಳೆಗಳನ್ನು ಸುತ್ತಿದರು. ಯಿಯುಹೋಂಗ್ ಎದ್ದು ಬಂದು ಅದನ್ನು ಎರಡೂ ಕೈಯಲ್ಲಿ, ತಲೆ ಬಾಗಿಸಿ ತೆಗೆದುಕೊಂಡ. ವಾನ್‌ಕಿಯು ಅವನಿಗಿಂತ ಮೊದಲೇ ಕಂಬಿ ಹಿಡಿದು ಮೆಟ್ಟಿಲು ಇಳಿದಳು. ಅಪ್ಪನ ಕಡೆ ನೋಡಲಿಲ್ಲ. ಅವನು ಸತ್ತ ದಿನದವರೆಗೂ ಆ ಮೆಟ್ಟಿಲು ಹತ್ತಲಿಲ್ಲ.

ಮೂಳೆ ಕಟ್ಟುವವನು ಶಿಂಗ್‌ನ ಮಣಿಕಟ್ಟಿಗೆ ಗಿಡಮೂಲಿಕೆ ಮೆತ್ತಿ ಬಿದಿರು ಕಟ್ಟಿದ. ಅದು ಕೂಡಿಕೊಂಡಿತು, ಆದರೆ ಸೊಟ್ಟಗೆ. ಆ ಕೈ ಬಟ್ಟಲು ಹಿಡಿಯುತ್ತಿತ್ತು, ಮಚ್ಚು ಹಿಡಿಯಲಿಲ್ಲ. ಮಾರನೆಯ ಬೆಳಿಗ್ಗೆ ಅಂಗಡಿಯ ಮುಂದೆ ಗಿರಾಕಿಗಳು ನಿಂತಾಗ, ಕಿವಿಗೆ ಪಟ್ಟಿ ಸುತ್ತಿಕೊಂಡ ಹಿಂಗ್ ಕೊರಡಿನ ಹಿಂದೆ ನಿಂತಳು. ಮೊದಲ ದಿನ ಚೂರುಗಳು ಅಡ್ಡಾದಿಡ್ಡಿಯಾದವು. ಒಬ್ಬ ಹಮಾಲ, "ಏನಕ್ಕಾ, ಬಾತನ್ನ ಕಡೀತಿದೀಯೋ ಗಂಡನ್ನೋ?" ಎಂದ. ಸಾಲಿನಲ್ಲಿದ್ದವರು ನಕ್ಕರು. ಅವಳೂ ನಗಲು ಹೋಗಿ ತುಟಿಯ ಗಾಯ ಮತ್ತೆ ಬಿಟ್ಟುಕೊಂಡಿತು.

ಕೆಲವು ತಿಂಗಳ ಮೇಲೆ ಶಿಂಗ್ ಒಮ್ಮೆ ಹಿಂದಿನಿಂದ ಬಂದು ಎಡಗೈ ಎತ್ತಿದ. ಹಿಂಗ್ ತಿರುಗಲಿಲ್ಲ. ಕೊರಡಿನ ಮೇಲಿದ್ದ ಹೆಬ್ಬಾತಿನ ತಲೆಯನ್ನು ಒಂದೇ ಏಟಿಗೆ ಎರಡು ಹೋಳು ಮಾಡಿದಳು, ಮಚ್ಚನ್ನು ಹಾಗೇ ಕೊರಡಿನಲ್ಲಿ ನೆಟ್ಟು ನಿಲ್ಲಿಸಿದಳು. ಎತ್ತಿದ ಕೈ ಕೆಳಗಿಳಿಯಿತು. ಆಮೇಲೆ ಅವನು ಬದುಕಿದಷ್ಟು ಕಾಲ ಅವಳೇ ಅನ್ನ ಬಡಿಸಿದಳು, ಮೂಳೆ ಬಿಡಿಸಿ ಮಾಂಸ ಕೊಟ್ಟಳು. ಕ್ವಾನ್ ಕುಂಗ್‌ಗೆ ಊದುಬತ್ತಿ ತಪ್ಪಲಿಲ್ಲ. ಬೇಡಿಕೆ ಮಾತ್ರ ಬದಲಾಯಿತು. 'ನನ್ನ ಕೈಯನ್ನು ಕಾಯಿ' ಎನ್ನುತ್ತಿದ್ದಳು.

ಮೂರನೆಯ ದಿನದ ಹಂದಿಯ ಹಿಂದೆ ನಡೆಯುವುದು ಆಗಿನಿಂದಲೇ ಶುರುವಾದದ್ದು.

ಹೋದ ಚಳಿಗಾಲದಲ್ಲಿ ವಾನ್‌ಕಿಯುವಿನ ಮಗಳ ಮದುವೆಯಾಯಿತು. ಬೀಗರು ಹಂದಿ ಹೇಳಿದ್ದು ಹಿಂಗ್ ಅಕ್ಕನಿಗೇ. ಅವಳು ಎಂದಿನಂತೆ ಹಿಂದೆ ನಡೆದು, ಬಾಗಿಲಲ್ಲಿ ಕಾಗದ ಸರಿಸಿ, "ನೋಡ್ಕೊಳ್ಳಿ, ಇದೆ" ಎಂದಳು. ಮದುಮಗಳು ಕಿಸಕ್ಕನೆ ನಕ್ಕಳು. "ದೊಡ್ಡಮ್ಮಾ, ಇದನ್ನೆಲ್ಲ ಈಗ ಯಾರು ನೋಡ್ತಾರೆ?"

ವಾನ್‌ಕಿಯು ಬಗ್ಗಿ ಬಾಲವನ್ನು ಬುಡದಿಂದ ಮುರಿದಳು.

"ಅಯ್ಯೋ, ಏನು ಮಾಡ್ದೆ ಹುಡುಗಿ! ಬೀಗರಿಗೆ ಏನು ಕಳಿಸ್ತೀಯಾ?"

"ತಲೆ ಸಾಕು ಅವರಿಗೆ. ಕೂತ್ಕೋ ಅಕ್ಕಾ."

ಬಾಲವನ್ನು ಎರಡು ಮಾಡಿ ದಪ್ಪನೆಯ ಭಾಗವನ್ನು ಹಿಂಗ್ ಅಕ್ಕನ ಕೈಗಿಟ್ಟಳು. ಹಿಂಗ್ ಅಕ್ಕ ಅಂದು ಹೊಸ್ತಿಲ ಮೇಲೆ ಕೂತಳು, ಚಹಾವನ್ನೂ ಕುಡಿದಳು. ಇಬ್ಬರೂ ಬಾಲ ಕಡಿಯುವ ಕುರುಕುರು ಸದ್ದು ಒಳಗಿನ ನೆಂಟರಿಗೂ ಕೇಳಿಸುತ್ತಿತ್ತು.

"ಉಪ್ಪು ಸ್ವಲ್ಪ ಮುಂದಾಗಿದೆ," ಎಂದಳು ಹಿಂಗ್ ಅಕ್ಕ, ಪುಟ್ಟ ಮೂಳೆಯೊಂದನ್ನು ಅಂಗೈಗೆ ಉಗುಳುತ್ತ.